ಮೊನೆಯುಳ್ಳ ಸೈನಿಕ ಶಿರಸ್ತ್ರಾಣಗಳ ನಿರ್ಣಯ

ನೆತ್ತಿಯ ಮೇಲೆ ಹಿತ್ತಾಳೆಯ ಮೊನೆಯುಳ್ಳ ಹಳೆಯ ಶಿರಸ್ತ್ರಾಣವೊಂದು ಶಹಾಬಾದ, ಸೇಡಂ, ಚಿಂಚೋಳಿಗಳ ಕಡೆ ದೊರೆತಲ್ಲಿ ಅದನ್ನು ಜರ್ಮನ್ ಸೇನೆಯದೆಂದು ಒಡನೆಯೇ ನಿರ್ಣಯಿಸಲಾಗದು. 1870ರ ದಶಕದಿಂದ ಭಾರತದಲ್ಲಿದ್ದ ಬ್ರಿಟಿಷ್ ಪಡೆಗಳೂ ಮೊನೆಯ ಟೋಪಿಗಳನ್ನು ಧರಿಸುತ್ತಿದ್ದವು. ವಾಡಿಯಿಂದ ಚಿತ್ತಾಪುರ, ಸೇಡಂಗಳ ಮೇಲೆ ಸಿಕಂದರಾಬಾದಿನ ದಂಡಿಗೆ ಹೋಗುವ ರೈಲುಮಾರ್ಗವು 1874ರಲ್ಲಿಯೇ ತೆರೆದಿತ್ತೆಂಬುದನ್ನು ಇಲ್ಲಿ ನೆನೆಯಬೇಕು.

ಆದುದರಿಂದ ಮೊನೆಗಿಂತ ಮೊದಲು ಒಡಲನ್ನು ಪರೀಕ್ಷಿಸುವುದು ಯುಕ್ತ. ಬ್ರಿಟಿಷರದು ಬೆಂಡಿನ ಮೇಲೆ ಬಿಳಿಯ ಬಟ್ಟೆ ಹೊದಿಸಿದುದು. 1842ರಲ್ಲಿ ಪ್ರಷ್ಯದಲ್ಲಿ ಬಳಕೆಗೆ ಬಂದ ‘ಪಿಕೆಲ್‌ಹೌಬೆ’ಯಾದರೋ ಸಾಮಾನ್ಯವಾಗಿ ಗಡುಸಾದ ಕರಿಯ ತೊಗಲಿನದು. ಮುಂಭಾಗದ ಫಲಕದಲ್ಲಿ ಪ್ರಷ್ಯದ ಹದ್ದೋ ಬವೇರಿಯದ ಸಿಂಹಗಳೋ ಇರುವುವು. ಫಲಕವನ್ನು ಬಿಚ್ಚಿದಾಗ ಅದರಡಿ ಅನಗತ್ಯ ರಂಧ್ರಗಳು ಕಂಡರೆ ಅದು ಬೇರೊಂದು ಟೋಪಿಯದೆಂದು ಶಂಕಿಸಬೇಕು. ಮಾರಾಟಕ್ಕಾಗಿ ಕೂಡಿಸಿದವು ಸಿಕ್ಕಿಬೀಳುವುದು ಬಹುಮಟ್ಟಿಗೆ ಇಲ್ಲಿಯೇ. 1897ರಿಂದ ಬಲಗಡೆ ಸಾಮ್ರಾಜ್ಯದ ಕಪ್ಪು-ಬಿಳಿ-ಕೆಂಪು ಬಿಲ್ಲೆಯೂ ಎಡಗಡೆ ಆಯಾ ರಾಜ್ಯದ ಬಿಲ್ಲೆಯೂ ಇರತಕ್ಕದ್ದು. 1915ರ ಮಾದರಿಯಲ್ಲಿ ಲೋಹಭಾಗಗಳು ಬೂದುಬಣ್ಣದವು, ಮೊನೆಯನ್ನು ಕಳಚಬಹುದು.

‘ಯುದ್ಧದಿಂದ ತಂದುದು’ ಎಂಬ ಮನೆತನದ ಮಾತೂ ಅಲಕ್ಷ್ಯಾರ್ಹವಲ್ಲ. ಈ ಪ್ರದೇಶವು ಅಂದು ನಿಜಾಮರ ರಾಜ್ಯಕ್ಕೆ ಸೇರಿದ್ದಿತು. ಹೈದರಾಬಾದಿನ ಲ್ಯಾನ್ಸರ್ ಪಡೆ ಮೈಸೂರು, ಜೋಧಪುರಗಳ ಅಶ್ವದಳಗಳೊಡನೆ 1918ರಲ್ಲಿ ಪ್ಯಾಲೆಸ್ಟೈನಿನಲ್ಲಿತ್ತು. ಆದರೆ ಜರ್ಮನ್ ಸೇನೆಯಲ್ಲಿ 1916ರಿಂದಲೇ ಉಕ್ಕಿನ ಶಿರಸ್ತ್ರಾಣವು ಮೊನೆಯದರ ಸ್ಥಾನವನ್ನು ಆಕ್ರಮಿಸತೊಡಗಿತ್ತು. ಅಂಥ ಮಾತನ್ನು ಒಪ್ಪುವ ಮುನ್ನ ಒಳಗಿನ ಮುದ್ರೆಯನ್ನು ಓದಬೇಕು. ಸಿಪಾಯಿಗಳಿಗೆ ಕೊಟ್ಟವುಗಳಲ್ಲಿ ಸಾಮಾನ್ಯವಾಗಿ ರೆಜಿಮೆಂಟು, ವರ್ಷಗಳು ಒತ್ತಿರುತ್ತವೆ. ಅಧಿಕಾರಿಗಳು ಸ್ವಂತಕ್ಕೆ ಕೊಂಡವುಗಳಲ್ಲಿ ಅದು ಇಲ್ಲದಿರಬಹುದು.