ಹಿಂಸಾಪರಾಧಗಳ ವಾರ-ಹೊತ್ತಿನ ಎಣಿಕೆ

ಕೊಲೆ, ಕೊಲೆಯತ್ನ, ಸುಲಿಗೆ, ದರೋಡೆ, ದೊಂಬಿ ಮೊದಲಾದವು ಯಾವ ವಾರ, ಯಾವ ಹೊತ್ತಿನಲ್ಲಿ ಹೆಚ್ಚು ನಡೆಯುತ್ತವೆ, ವರ್ಷಗಳು ಉರುಳಿದಂತೆ ಆ ಹೊತ್ತು ಹೇಗೆ ಬದಲಾಗುತ್ತದೆ ಎಂದು ಗುರುತಿಸುವ ಕ್ರಮ. ಸಂಜೆ ಮತ್ತು ವಾರಾಂತ್ಯದ ಗಸ್ತು ನಿಗದಿಪಡಿಸಲು ಇದು ಆಧಾರ. ಈ ಬಗೆಯ ಅಧ್ಯಯನಗಳಲ್ಲಿ ಪ್ರಸಿದ್ಧವಾದದ್ದು ಮಾರ್ವಿನ್ ವುಲ್ಫ್‌ಗ್ಯಾಂಗ್ 1958ರಲ್ಲಿ ಪ್ರಕಟಿಸಿದ್ದು. ಫಿಲಡೆಲ್ಫಿಯಾ ನಗರದಲ್ಲಿ 1948ರಿಂದ 1952ರವರೆಗೆ ಕೊಲೆಯಾದ 588 ಮಂದಿಯ ದಾಖಲೆ ನೋಡಿದ ಅವರಿಗೆ ಶನಿವಾರ ರಾತ್ರಿಯೇ ಎದ್ದು ಕಂಡಿತು.

ಭಾರತದಲ್ಲಿ ಇದರ ಕಚ್ಚಾ ಸಾಮಗ್ರಿ ಠಾಣೆಯ ಎಫ್‌ಐಆರ್. ಅದರ ನಮೂನೆಯಲ್ಲಿ ಕೃತ್ಯ ನಡೆದ ವಾರ, ತಾರೀಖು, ಗಂಟೆ ಬರೆಯಬೇಕು. ‘ಪಹರ್’ ಎಂಬ ಅಂಕಣವೂ ಉಂಟು. ಪಹರ್ ಎಂದರೆ ನಮ್ಮ ಜಾವ: ಮೂರು ಗಂಟೆಯ ಅವಧಿ, ದಿನಕ್ಕೆ ಎಂಟು. ಏಳು ದಿನಕ್ಕೆ 56 ಮನೆಗಳ ಪಟ್ಟಿ ಹೀಗೆ ತಾನಾಗಿಯೇ ಸಿದ್ಧವಾಗುತ್ತದೆ. ಠಾಣೆಗೆ ದೂರು ಬಂದ ಸಮಯ ಬೇರೊಂದು ಅಂಕಣದಲ್ಲಿರುತ್ತದೆ. ಇವೆರಡನ್ನೂ ಬೆರೆಸಿದರೆ ಭಾನುವಾರ ರಾತ್ರಿಯ ಹೊಡೆದಾಟ ಸೋಮವಾರ ಬೆಳಗಿನ ಲೆಕ್ಕಕ್ಕೆ ಸೇರಿಹೋಗುತ್ತದೆ. ಈ ಎಣಿಕೆ ಹೆಚ್ಚಾಗಿ ಎಡವುವುದು ಇಲ್ಲಿಯೇ.

ನಡುರಾತ್ರಿ ಇನ್ನೊಂದು ತೊಡಕು. ಶನಿವಾರ ರಾತ್ರಿ ಶುರುವಾದ ಜಗಳ ಹನ್ನೆರಡು ದಾಟಿದೊಡನೆ ಕ್ಯಾಲೆಂಡರಿನಲ್ಲಿ ಭಾನುವಾರದ್ದಾಗುತ್ತದೆ. ಸೂರ್ಯೋದಯದಿಂದ ಸೂರ್ಯೋದಯಕ್ಕೆ ವಾರ ಹಿಡಿಯುವ ಪಂಚಾಂಗದ ರೂಢಿಯೇ ಈ ಕೆಲಸಕ್ಕೆ ಹೆಚ್ಚು ಒಗ್ಗುತ್ತದೆ.

ಹೋಲಿಕೆಗೆ ಒಂದು ಅಳತೆಗೋಲು ಬೇಕು. ಶುಕ್ರ, ಶನಿ, ಭಾನುವಾರ ಸಂಜೆ 6ರಿಂದ 12ರವರೆಗೆ ಒಟ್ಟು 18 ಗಂಟೆ. ವಾರದ 168 ಗಂಟೆಗಳಲ್ಲಿ ಅದು ಸುಮಾರು ಶೇ. 10.7. ಅಪರಾಧಗಳ ಪಾಲು ಇದನ್ನು ಸ್ಪಷ್ಟವಾಗಿ ಮೀರಿದಾಗ ಮಾತ್ರ ವಾರಾಂತ್ಯದ ಸಂಜೆಗಳನ್ನು ದೂರಬಹುದು. ಒಂದೇ ಠಾಣೆಯಲ್ಲಿ ಕೊಲೆಗಳು ಬೆರಳೆಣಿಕೆಯಷ್ಟು. ಹಲವು ವರ್ಷಗಳದ್ದನ್ನು ಕೂಡಿಸದೆ ಪ್ರವೃತ್ತಿ ಎನ್ನುವುದು ಆತುರವಾದೀತು.

ಕೊಯಮತ್ತೂರಿನ ದಕ್ಷಿಣ ಅಂಚಿನ ಪೋತ್ತನೂರು ಇಂಥ ಎಣಿಕೆಯ ಕಷ್ಟವನ್ನು ಚೆನ್ನಾಗಿ ತೋರಿಸುತ್ತದೆ. 1860ರ ದಶಕದಲ್ಲೇ ರೈಲು ಕಂಡ ಜಂಕ್ಷನ್ ಇದು. ಊರೊಳಗಿನ ಪ್ರಕರಣ ನಗರ ಪೊಲೀಸರಿಗೆ, ರೈಲಿನಲ್ಲೋ ಪ್ಲಾಟ್‌ಫಾರಂ ಮೇಲೋ ನಡೆದದ್ದು ರೈಲ್ವೆ ಪೊಲೀಸರಿಗೆ. ಒಂದೇ ಊರಿನ ಶನಿವಾರ ಸಂಜೆ ಎರಡು ಪುಸ್ತಕಗಳಲ್ಲಿ ಹಂಚಿಹೋಗುತ್ತದೆ.

ಸಂಜೆಯ ಕಾರಣಗಳನ್ನು ಹುಡುಕುವವರು ಕೂಲಿಯ ದಿನವನ್ನೂ ಮದ್ಯದಂಗಡಿಯ ವೇಳೆಯನ್ನೂ ಪಕ್ಕದಲ್ಲಿಟ್ಟುಕೊಳ್ಳಬೇಕು. ಹತ್ತಿರದ ತಿರುಪ್ಪೂರಿನ ಬನಿಯನ್ ಕಾರ್ಖಾನೆಗಳಲ್ಲಿ ವಾರದ ಬಟವಾಡೆ ಶನಿವಾರ. ತಮಿಳುನಾಡಿನಲ್ಲಿ ಮದ್ಯದ ಚಿಲ್ಲರೆ ಮಾರಾಟ 2003ರಿಂದ ಸರ್ಕಾರಿ ಟಾಸ್ಮಾಕ್‌ನ ಕೈಯಲ್ಲಿದೆ. ಬೆಳಿಗ್ಗೆ 10ಕ್ಕೆ ತೆರೆಯುತ್ತಿದ್ದ ಅಂಗಡಿಗಳು 2016ರ ಮೇ ತಿಂಗಳಿನಿಂದ ಮಧ್ಯಾಹ್ನ 12ಕ್ಕೆ ತೆರೆಯತೊಡಗಿದವು. ಮುಚ್ಚುವುದು ಮಾತ್ರ ರಾತ್ರಿ 10ಕ್ಕೇ ಉಳಿಯಿತು. ಆ ಬದಲಾವಣೆಯ ಹಿಂದಿನ ಮತ್ತು ಮುಂದಿನ ಎಫ್‌ಐಆರ್‌ಗಳನ್ನು ಜಾವವಾರು ಹೋಲಿಸುವುದು ಒಳ್ಳೆಯ ಪರೀಕ್ಷೆಯಾಗುತ್ತದೆ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವಾರ್ಷಿಕ ವರದಿಯಲ್ಲಿ ಕೊಯಮತ್ತೂರಿಗೆ ಮಹಾನಗರವಾಗಿ ಪ್ರತ್ಯೇಕ ಸಾಲೇ ಇದೆ. ಆದರೆ ಒಂದು ಎಫ್‌ಐಆರ್‌ನಲ್ಲಿ ಹಲವು ಅಪರಾಧಗಳಿದ್ದರೆ ಅತಿ ಘೋರವಾದ ಒಂದನ್ನಷ್ಟೇ ಅಲ್ಲಿ ಎಣಿಸುತ್ತಾರೆ.

ಠಾಣೆಯ ಮೆಟ್ಟಿಲು ಹತ್ತದ ಪೆಟ್ಟುಗಳನ್ನು ಬ್ರಿಟನ್ನಿನ ಕಾರ್ಡಿಫ್ ನಗರ ಆಸ್ಪತ್ರೆಯಲ್ಲಿ ಹುಡುಕಿತು. ಶಸ್ತ್ರವೈದ್ಯ ಜೊನಾಥನ್ ಶೆಫರ್ಡ್ ರೂಪಿಸಿದ ಆ ಪದ್ಧತಿಯಲ್ಲಿ ಪೆಟ್ಟು ಬಿದ್ದ ಜಾಗ, ಹೊತ್ತು, ಆಯುಧಗಳ ವಿವರವನ್ನು ಹೆಸರಿಲ್ಲದೆ ಪೊಲೀಸರಿಗೆ ಕೊಡುತ್ತಾರೆ. ತಮಿಳುನಾಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಹೊಡೆದಾಟದ ಗಾಯಾಳು ಬಂದರೆ ‘ಆಕ್ಸಿಡೆಂಟ್ ರಿಜಿಸ್ಟರ್’ನಲ್ಲಿ ದಾಖಲಿಸುವ ರೂಢಿ ಹಿಂದಿನಿಂದಲೂ ಇದೆ.