ಎಣ್ಣಿ ಹೊಡೆದ ಮೇಲೆ ತಲೆ ಸುತ್ತಿದರೆ ಬರೀ ಬಿಸಿಲು ಅನ್ನಬೇಡಿ: ದ್ರಾಕ್ಷಿ, ಲಿಂಬೆ ತೋಟದ ಕೂಲಿಕಾರರು, ಮಾಲಕರು, ಔಷಧ ಅಂಗಡಿಯವರು ತಿಳಿಯಬೇಕಾದ್ದು

ಹಲಸಂಗಿ (ಇಂಡಿ): ಚಾಟ್ನಿ ಮುಗಿದ ದ್ರಾಕ್ಷಿ ಇರಲಿ, ಹೂ ಬಿಟ್ಟ ಲಿಂಬೆ ಇರಲಿ, ಕಾಯಿ ಕಟ್ಟಿದ ತೊಗರಿ, ಹತ್ತಿ ಇರಲಿ, ನಮ್ಮ ಭಾಗದಲ್ಲಿ ಪಂಪು ಬೆನ್ನಿಗೇರದ ತಿಂಗಳು ಸಿಗುವುದು ಕಷ್ಟ. ಕೀಟನಾಶಕಕ್ಕೆ ಇಲ್ಲಿ ‘ಎಣ್ಣಿ’ ಅಂತಲೇ ಹೆಸರು. ಎಣ್ಣಿ ಹೊಡೆಯಲು ಹೋದ ಆಳು ಮಧ್ಯಾಹ್ನದ ಹೊತ್ತಿಗೆ ತಲೆ ಹಿಡಿದು ಕುಂತರೆ ‘ಬಿಸಲ ಬಡದೈತಿ’, ‘ಪಿತ್ತ ಆಗೈತಿ’ ಅಂತ ಪಾನಕ ಕುಡಿಸಿ ಗಿಡದ ನೆರಳಿಗೆ ಮಲಗಿಸುವುದು ರೂಢಿ.

ಹಲವು ಸಲ ಅದು ಬಿಸಿಲೇ ಆಗಿರುತ್ತದೆ. ಕೆಲವು ಸಲ ಎಣ್ಣಿ ಆಗಿರುತ್ತದೆ. ಎರಡಕ್ಕೂ ಚಿಕಿತ್ಸೆ ಬೇರೆ ಬೇರೆ. ಗುರುತು ಹಿಡಿಯಲು ತಡ ಆದಷ್ಟೂ ಜೀವಕ್ಕೆ ಅಪಾಯ. ಹೀಗಾಗಿ ಈ ಮಾಹಿತಿ.

ವಿಷ ಒಳಗೆ ಹೋಗುವುದು ಬಾಯಿಂದ ಮಾತ್ರ ಅಲ್ಲ

‘ಕುಡದ್ರ ಮಾತ್ರ ವಿಷ, ಮೈಗೆ ಬಿದ್ರ ಏನಾಗಲ್ಲ’ ಅನ್ನುವ ಮಾತು ಊರಲ್ಲಿ ಸಾಮಾನ್ಯ. ಇದು ತಪ್ಪು. ಸಿಂಪಡಣೆ ಮಾಡುವವರ ದೇಹಕ್ಕೆ ವಿಷ ಹೋಗುವ ದೊಡ್ಡ ದಾರಿ ಚರ್ಮ. ಆಮೇಲೆ ಉಸಿರು. ಕೈ ತೊಳೆಯದೆ ಬೀಡಿ ಸೇದುವುದು, ತಂಬಾಕು ತಿಕ್ಕುವುದು, ಎಲಡಿಕೆ ಹಾಕುವುದು, ರೊಟ್ಟಿ ತಿನ್ನುವುದರಿಂದ ಬಾಯಿಗೂ ಹೋಗುತ್ತದೆ.

ಬೆವೆತ ಮೈ, ಗಾಯ, ಮುಳ್ಳು ಗೀರಿದ ಕೈಯೊಳಗೆ ಅದು ಬೇಗ ಇಳಿಯುತ್ತದೆ. ಲಿಂಬೆ ಗಿಡದಲ್ಲಿ ಕೆಲಸ ಮಾಡಿದವರಿಗೆ ಮುಳ್ಳಿನ ಗೀರು ಎಷ್ಟಿರುತ್ತವೆ ಅನ್ನುವುದನ್ನು ಹೇಳಬೇಕಿಲ್ಲ. ನಮ್ಮ ಜಿಲ್ಲೆಯ ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲು ಇದಕ್ಕೆ ಇನ್ನಷ್ಟು ಸಹಾಯ ಮಾಡುತ್ತದೆ. ಮೈ ಬೆವರುತ್ತದೆ, ಅಂಗಿ ಬಿಚ್ಚುತ್ತಾರೆ, ಮುಖದ ಬಟ್ಟೆ ತೆಗೆಯುತ್ತಾರೆ.

ದೇಹದಲ್ಲಿ ಆಗುವುದೇನು?

ಹೆಚ್ಚು ಬಳಕೆಯಲ್ಲಿರುವ ಕೀಟನಾಶಕಗಳಲ್ಲಿ ಆರ್ಗನೋಫಾಸ್ಫೇಟ್ ಅನ್ನುವ ಗುಂಪು ಒಂದು. ಕ್ಲೋರೋಪೈರಿಫಾಸ್, ಪ್ರೊಫೆನೋಫಾಸ್, ಮೊನೊಕ್ರೊಟೊಫಾಸ್ ಇದೇ ಗುಂಪಿನವು. ನಮ್ಮ ನರಗಳು ಒಂದಕ್ಕೊಂದು ಸಂದೇಶ ಕಳಿಸಿದ ಮೇಲೆ ಆ ಸಂದೇಶವನ್ನು ಅಳಿಸಲು ದೇಹದಲ್ಲಿ ಕೋಲಿನೆಸ್ಟರೇಸ್ ಅನ್ನುವ ಕಿಣ್ವ ಇರುತ್ತದೆ. ಈ ವಿಷ ಆ ಕಿಣ್ವವನ್ನೇ ಕಟ್ಟಿಹಾಕುತ್ತದೆ. ಸ್ವಿಚ್ ಆಫ್ ಆಗದ ಮೋಟಾರಿನಂತೆ ನರಗಳು ಓಡುತ್ತಲೇ ಇರುತ್ತವೆ. ಬೆವರು, ಜೊಲ್ಲು, ಕಣ್ಣೀರು ಸುರಿಯುತ್ತವೆ. ಸ್ನಾಯು ಅದುರುತ್ತವೆ. ಕೊನೆಗೆ ಉಸಿರಾಡುವ ಸ್ನಾಯುಗಳೇ ಸೋಲುತ್ತವೆ.

ಇನ್ನೊಂದು ವಿಷಯ. ಇವತ್ತು ಸ್ವಲ್ಪ, ನಾಳೆ ಸ್ವಲ್ಪ ಅಂತ ಮೈಗೆ ಹೋದರೆ ಕಿಣ್ವ ಮತ್ತೆ ತುಂಬಿಕೊಳ್ಳಲು ದಿನಗಟ್ಟಲೆ, ಕೆಲವು ಸಲ ವಾರಗಟ್ಟಲೆ ಬೇಕು. ಸೋಮವಾರದಿಂದ ಶುಕ್ರವಾರದವರೆಗೆ ಏನೂ ಆಗದವನು ಶನಿವಾರ ಬೀಳುವುದು ಹೀಗೆ.

ಬಿಸಿಲೋ, ಎಣ್ಣಿಯೋ? ಗುರುತಿಸುವುದು ಹೇಗೆ

ತಲೆನೋವು, ವಾಕರಿಕೆ, ಸುಸ್ತು, ತಲೆ ಸುತ್ತು ಎರಡರಲ್ಲೂ ಇರುತ್ತವೆ. ಹೀಗಾಗಿ ಮೋಸ ಹೋಗುತ್ತೇವೆ. ಇವನ್ನು ನೋಡಿ:

- ಕಣ್ಣಿನ ನಡುವಿನ ಕಪ್ಪು ಪಾಪೆ ಸೂಜಿ ಮೊನೆಯಷ್ಟು ಸಣ್ಣದಾಗಿದ್ದರೆ, ಕಣ್ಣು ಮಂಜಾಗಿದ್ದರೆ ಎಣ್ಣಿಯ ಗುಮಾನಿ ಬರಬೇಕು.
- ಬಾಯಲ್ಲಿ ಜೊಲ್ಲು, ಕಣ್ಣಲ್ಲಿ ನೀರು, ಮೂಗು ಸೋರಿಕೆ, ವಾಂತಿ, ಭೇದಿ ಒಟ್ಟಿಗೇ ಬಂದರೆ ಎಣ್ಣಿ.
- ರೆಪ್ಪೆ, ತುಟಿ, ತೋಳಿನ ಸ್ನಾಯು ತಾನೇ ಅದುರುತ್ತಿದ್ದರೆ ಎಣ್ಣಿ.
- ಎದೆ ಬಿಗಿದು, ಗೊರಗೊರ ಸದ್ದಿನ ಉಸಿರು ಬಂದರೆ ಅದು ತುರ್ತು. ಒಂದು ನಿಮಿಷವೂ ಕಾಯಬಾರದು.
- ಬಿಸಿಲಿನ ಹೊಡೆತದಲ್ಲಿ ಮೈ ಸುಡುತ್ತದೆ, ಮಾತು ತಡವರಿಸುತ್ತದೆ. ಆದರೆ ಜೊಲ್ಲು ಸುರಿಯುವುದು, ಪಾಪೆ ಸೂಜಿಮೊನೆ ಆಗುವುದು ಅದರ ಗುಣ ಅಲ್ಲ.

ಗುರುತು ಸಿಗದಿದ್ದರೆ? ಅವತ್ತು ಎಣ್ಣಿ ಮುಟ್ಟಿದ್ದಾನೆ ಅಂದರೆ ಎಣ್ಣಿ ಅಂತಲೇ ತಿಳಿದು ಆಸ್ಪತ್ರೆಗೆ ಹೋಗುವುದು ಒಳ್ಳೆಯದು. ಬಿಸಿಲಿನ ಹೊಡೆತ ಆಗಿದ್ದರೂ ಅದಕ್ಕೂ ಆಸ್ಪತ್ರೆಯೇ ಬೇಕು.

ಯಾವ ಕೆಲಸದಲ್ಲಿ ಯಾವ ಅಪಾಯ?

*ಡ್ರಮ್ಮಿನಲ್ಲಿ ಕಲಸುವುದು:* ಎಲ್ಲಕ್ಕಿಂತ ಹೆಚ್ಚು ಅಪಾಯ ಇಲ್ಲೇ. ನೀರು ಬೆರೆಸದ ಗಟ್ಟಿ ಔಷಧ ಕೈಗೆ ಬೀಳುತ್ತದೆ. ಬರಿಗೈ ಹಾಕಿ ಕಲಸಬೇಡಿ. ಉದ್ದನೆಯ ಕೋಲು ಬಳಸಿ. ಎರಡು ಮೂರು ಔಷಧ ತಮ್ಮಷ್ಟಕ್ಕೆ ಬೆರೆಸಿದರೆ ಆಸ್ಪತ್ರೆಯಲ್ಲಿ ಯಾವ ವಿಷ ಅಂತ ಹೇಳುವುದೂ ಕಷ್ಟ.

*ಬೆನ್ನಿನ ಪಂಪು:* ಮುಚ್ಚಳ, ವಾಷರ್ ಸೋರಿ ಬೆನ್ನು, ಸೊಂಟ ತೊಯ್ಯುತ್ತದೆ. ತೊಯ್ದ ಅಂಗಿ ಹಾಕಿಕೊಂಡೇ ಸಂಜೆವರೆಗೆ ಹೊಡೆಯುತ್ತಾರೆ. ನಾಜಲ್ ಕಟ್ಟಿದರೆ ಬಾಯಿಂದ ಊದುವ ಚಟ ಇನ್ನೂ ಹೋಗಿಲ್ಲ. ಹಳೇ ಹಲ್ಲುಜ್ಜುವ ಬ್ರಷ್ ಒಂದನ್ನು ಪಂಪಿಗೆ ಕಟ್ಟಿಟ್ಟರೆ ಸಾಕು.

*ದ್ರಾಕ್ಷಿಗೆ ಪೇಸ್ಟ್ ಹಚ್ಚುವುದು:* ಅಕ್ಟೋಬರ್ ಚಾಟ್ನಿ ಆದ ಮೇಲೆ ಕಣ್ಣು ಒಡೆಯಲಿ ಅಂತ ಹೈಡ್ರೋಜನ್ ಸಯನಮೈಡ್ ಹಚ್ಚುತ್ತಾರೆ. ಇದು ಚರ್ಮ ಸುಡುತ್ತದೆ, ಕಣ್ಣಿಗೆ ಬಿದ್ದರೆ ಕಣ್ಣಿಗೇ ಕುತ್ತು. ಇದರ ಇನ್ನೊಂದು ಗುಣ ಬಹಳ ಮಂದಿಗೆ ಗೊತ್ತಿಲ್ಲ. ದಾರೂ ಕುಡಿದಾಗ ಅದನ್ನು ಕರಗಿಸುವ ಕಿಣ್ವವನ್ನು ಇದು ತಡೆಯುತ್ತದೆ. ಹಗಲು ಪೇಸ್ಟ್ ಹಚ್ಚಿ ಸಂಜೆ ಒಂದು ಕ್ವಾರ್ಟರ್ ಏರಿಸಿದರೆ ಮುಖ ಕೆಂಪಾಗಿ, ಎದೆ ಬಡಿತ ಏರಿ, ರಕ್ತದೊತ್ತಡ ಕುಸಿದು ಬೀಳಬಹುದು. ಕೆಲಸದ ಹಿಂದಿನ ದಿನ, ಕೆಲಸದ ದಿನ, ಆಮೇಲೆ ಒಂದು ವಾರ ದಾರೂ ಬಿಡಲೇಬೇಕು. ‘ಕುಡದದ್ದು ಜಾಸ್ತಿ ಆಗೈತಿ’ ಅಂತ ಮನೆಯವರು ಸುಮ್ಮನಾಗಬಾರದು.

*ಗಂಧಕ, ಬೋರ್ಡೋ:* ಬೂದಿ ರೋಗಕ್ಕೆ ಗಂಧಕ, ಡೌನಿಗೆ ಮೈಲುತುತ್ತ ಸುಣ್ಣದ ಬೋರ್ಡೋ ದ್ರಾವಣ ಹಳೇ ಔಷಧಗಳು. ‘ಇವು ವಿಷ ಅಲ್ಲ’ ಅಂತ ಮುಖಕ್ಕೆ ಬಟ್ಟೆಯನ್ನೂ ಕಟ್ಟುವುದಿಲ್ಲ. ವರ್ಷಗಟ್ಟಲೆ ಬೋರ್ಡೋ ಹೊಡೆದ ಪೋರ್ಚುಗಲ್ ದೇಶದ ದ್ರಾಕ್ಷಿ ಕೂಲಿಕಾರರ ಶ್ವಾಸಕೋಶದಲ್ಲಿ ತಾಮ್ರ ಕುಂತು ರೋಗ ಆದದ್ದನ್ನು ಅಲ್ಲಿಯ ವೈದ್ಯರು 1969ರಲ್ಲೇ ಬರೆದಿದ್ದಾರೆ.

*ಒಣದ್ರಾಕ್ಷಿ ಶೆಡ್:* ಬಣ್ಣ ಬರಲು ಗಂಧಕದ ಹೊಗೆ ಕೊಡುವ ಕಡೆ ಅದರ ಅನಿಲ ಕಣ್ಣು, ಗಂಟಲು ಉರಿಸುತ್ತದೆ. ದಮ್ಮು ಇರುವವರಿಗೆ ದಮ್ಮು ಏರುತ್ತದೆ. ಹೊಗೆ ಕೊಟ್ಟ ಮೇಲೆ ಎರಡೂ ಕಡೆ ತೆರೆದು ಗಾಳಿ ಆಡಿದ ಮೇಲಷ್ಟೇ ಒಳಗೆ ಹೋಗಬೇಕು. ದಮ್ಮಿನವರನ್ನು ಆ ಕೆಲಸಕ್ಕೆ ಹಚ್ಚಬಾರದು.

*ಹೆಣ್ಣಾಳುಗಳ ಕೆಲಸ:* ಗೊನೆ ತೆಳುವು ಮಾಡುವುದು, ಎಲೆ ತೆಗೆಯುವುದು, ಲಿಂಬೆ ಹರಿಯುವುದು ಹೆಚ್ಚಾಗಿ ಹೆಂಗಸರು. ಅವರು ಪಂಪು ಹೊರುವುದಿಲ್ಲ, ಹೀಗಾಗಿ ಲೆಕ್ಕಕ್ಕೇ ಬರುವುದಿಲ್ಲ. ಆದರೆ ಮುಂಜಾನೆ ಹೊಡೆದ ಸಾಲಿಗೆ ಮಧ್ಯಾಹ್ನ ಇಳಿದರೆ ಹಸಿ ಎಲೆಯ ವಿಷವೆಲ್ಲ ಕೈಗೆ. ಲೇಬಲ್ ಮೇಲೆ ಎಷ್ಟು ಹೊತ್ತು ಬಿಡಬೇಕು ಅಂತ ಬರೆದಿದ್ದರೆ ಅಷ್ಟು, ಬರೆದಿಲ್ಲದಿದ್ದರೆ ಕಡಿಮೆ ಅಂದರೂ ಒಂದು ದಿನ ಬಿಡಿ. ಬಸುರಿಯರು, ಹಾಲುಣಿಸುವವರು ಈ ಕೆಲಸಕ್ಕೆ ಬೇಡ. ಎಣ್ಣಿ ಅಂಗಿಯನ್ನು ಮನೆ ಬಟ್ಟೆ ಜೊತೆ ನೆನೆಸಬೇಡಿ. ಒಗೆಯುವವರೂ ಕೈಗವಸು ಹಾಕಲಿ.

2023ರಲ್ಲಿ ಇಂಡಿ ಲಿಂಬೆಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಸಿಕ್ಕಿತು. ಇಂಡಿಯಲ್ಲಿ ಲಿಂಬೆ ಅಭಿವೃದ್ಧಿ ಮಂಡಳಿಯೂ ಇದೆ. ಹಣ್ಣಿಗೆ ಸಿಕ್ಕ ಲಕ್ಷ್ಯ ಹಣ್ಣು ಹರಿಯುವ ಕೈಗೂ ಸಿಗಬೇಕು.

ಬಿದ್ದಾಗ ಮಾಡಬೇಕಾದ್ದು

1. ಮೊದಲು ಹೊಲದಿಂದ ಹೊರಗೆ, ಗಾಳಿ ಬರುವ ಕಡೆ ತನ್ನಿ. ಎತ್ತುವವರು ಕೈಗೆ ಕವಸು ಅಥವಾ ಪ್ಲಾಸ್ಟಿಕ್ ಚೀಲ ಹಾಕಿಕೊಳ್ಳಿ.
2. 108ಕ್ಕೆ ಫೋನ್ ಮಾಡಿ.
3. ತೊಯ್ದ ಬಟ್ಟೆ ಎಲ್ಲ ತೆಗೆಯಿರಿ. ನಾಚಿಕೆಗಿಂತ ಜೀವ ದೊಡ್ಡದು. ಸೋಪು ಹಚ್ಚಿ ಧಾರಾಳ ನೀರಿನಿಂದ ತೊಳೆಯಿರಿ. ತಲೆಗೂದಲು, ಉಗುರು ಸಂದಿ ಬಿಡಬೇಡಿ.
4. ಕಣ್ಣಿಗೆ ಬಿದ್ದಿದ್ದರೆ 15 ನಿಮಿಷ ಸ್ವಚ್ಛ ನೀರು ಹರಿಸಿ.
5. ವಾಂತಿ ಮಾಡಿಸಬೇಡಿ. ಹಾಲು, ತುಪ್ಪ, ಉಪ್ಪಿನ ನೀರು ಕುಡಿಸಬೇಡಿ. ಎಚ್ಚರ ತಪ್ಪಿದ್ದರೆ ಎಡ ಮಗ್ಗುಲಿಗೆ ಮಲಗಿಸಿ.
6. ಔಷಧದ ಬಾಟಲಿ ಅಥವಾ ಪಾಕೀಟು ಜೊತೆಗೆ ಒಯ್ಯಿರಿ. ಡಾಕ್ಟರಿಗೆ ನಮ್ಮ ನೂರು ಮಾತಿಗಿಂತ ಆ ಲೇಬಲ್ ಉಪಯೋಗ. ಬಾಟಲಿ ಒಯ್ಯಲು ಆಗದಿದ್ದರೆ ಮೊಬೈಲಿನಲ್ಲಿ ಫೋಟೋ ತೆಗೆಯಿರಿ.

ಆರ್ಗನೋಫಾಸ್ಫೇಟ್ ವಿಷಕ್ಕೆ ಅಟ್ರೋಪಿನ್ ಇಂಜೆಕ್ಷನ್ ಇದೆ, ಹೊತ್ತಿಗೆ ಸರಿಯಾಗಿ ಸಿಕ್ಕರೆ ಜೀವ ಉಳಿಯುತ್ತದೆ. ಆದರೆ ಕಳೆ ಸುಡುವ ಪ್ಯಾರಾಕ್ವಾಟ್‌ಗೆ ಮದ್ದು ಇಲ್ಲ. ಒಂದು ಗುಟುಕು ಸಾಕು. ಅದನ್ನು ನೀರಿನ ಬಾಟಲಿ, ದಾರೂ ಬಾಟಲಿಗೆ ಸುರಿದಿಡುವುದು ಮನೆಗೆ ಯಮನನ್ನು ಕರೆದಂತೆ. ದೆಹಲಿಯ ಏಮ್ಸ್ ಆಸ್ಪತ್ರೆಯ ವಿಷ ಮಾಹಿತಿ ಕೇಂದ್ರದ ಉಚಿತ ಸಂಖ್ಯೆ 1800 116 117. ವೈದ್ಯರೂ ಇಲ್ಲಿ ಕೇಳಬಹುದು.

ಅಂಗಡಿಯವರಿಗೆ

ನಮ್ಮಲ್ಲಿ ರೈತರು ಕೃಷಿ ಅಧಿಕಾರಿಗಿಂತ ಹೆಚ್ಚು ನಂಬುವುದು ಔಷಧ ಅಂಗಡಿಯವರನ್ನು. ಹೀಗಾಗಿ ಜವಾಬ್ದಾರಿಯೂ ದೊಡ್ಡದು.

ಬಾಟಲಿ ಮೇಲಿನ ಬಣ್ಣದ ಗುರುತು ತೋರಿಸಿ ಹೇಳಿ. ಕೆಂಪು ಅಂದರೆ ಅತಿ ಘೋರ ವಿಷ, ಹಳದಿ ಘೋರ ವಿಷ, ನೀಲಿ ಅಪಾಯ, ಹಸಿರು ಎಚ್ಚರಿಕೆ. ಓದಲು ಬಾರದವರಿಗೂ ಬಣ್ಣ ತಿಳಿಯುತ್ತದೆ. ಹಸಿರು ಅಂದರೆ ಕುಡಿಯಬಹುದು ಅಂತ ಅಲ್ಲ, ಅದೂ ವಿಷವೇ. ಬಿಲ್ ಕೊಡಿ. ಬಿಲ್ ಇದ್ದರೆ ಯಾವ ಔಷಧ ಅಂತ ಆಸ್ಪತ್ರೆಗೂ ಗೊತ್ತಾಗುತ್ತದೆ, ನಾಳೆ ಪರಿಹಾರ ಕೇಳಲೂ ಆಧಾರ. ಬಾಟಲಿ ಜೊತೆ ಒಂದು ಜೋಡಿ ರಬ್ಬರ್ ಕೈಗವಸು, ಮಾಸ್ಕ್ ಮಾರಾಟಕ್ಕೆ ಇಡಿ. ಸಾವಿರಾರು ರೂಪಾಯಿ ಔಷಧದ ಮುಂದೆ ಅದು ದೊಡ್ಡ ಖರ್ಚಲ್ಲ.

ಹಳೇ ಮಾಲು ಇದ್ದರೆ ನೋಡಿಕೊಳ್ಳಿ. ಕೇಂದ್ರ ಸರ್ಕಾರದ 2018ರ ಆದೇಶದಂತೆ ಫೋರೇಟ್, ಟ್ರೈಅಜೋಫಾಸ್, ಡೈಕ್ಲೋರ್ವಾಸ್ 2020ರ ಡಿಸೆಂಬರ್ 31ರಿಂದ ಪೂರ್ತಿ ಬಂದ್. ಮೊನೊಕ್ರೊಟೊಫಾಸ್ ತರಕಾರಿಗೆ 2005ರಿಂದಲೇ ಬಂದ್, ಅದರ 36 ಎಸ್‌ಎಲ್ ರೂಪವನ್ನು ನಿಲ್ಲಿಸುವ ಆದೇಶ 2023ರಲ್ಲಿ ಬಂತು.

ಕಾನೂನು ಏನು ಹೇಳುತ್ತದೆ?

1958ರಲ್ಲಿ ಕೇರಳದಲ್ಲಿ ಪ್ಯಾರಾಥಿಯಾನ್ ಕೀಟನಾಶಕ ಬಿದ್ದ ಆಹಾರ ತಿಂದು ನೂರಕ್ಕೂ ಹೆಚ್ಚು ಜನ ಸತ್ತರು. ಅದರ ನಂತರ ಬಂದದ್ದೇ 1968ರ ಕೀಟನಾಶಕ ಕಾಯ್ದೆ, 1971ರ ನಿಯಮಗಳು. ಸಿಂಪಡಿಸುವವರಿಗೆ ರಕ್ಷಣಾ ಉಡುಪು, ತರಬೇತಿ, ವೈದ್ಯಕೀಯ ತಪಾಸಣೆ ಬೇಕು ಅಂತ ಈ ನಿಯಮಗಳಲ್ಲೇ ಇದೆ. ದಿನಗೂಲಿ ಆಳಿಗೆ ಹಾಜರಿ ಪುಸ್ತಕವೂ ಇಲ್ಲ, ಇಎಸ್‌ಐ ಕಾರ್ಡೂ ಇಲ್ಲ. ಹೀಗಾಗಿ ನಿಯಮ ಕಾಗದದಲ್ಲೇ ಉಳಿಯುತ್ತದೆ.

ಆದರೂ ಒಂದು ಮಾತು ನೆನಪಿಡಿ. ಆರ್ಗನೋಫಾಸ್ಫರಸ್ ವಿಷಬಾಧೆಯನ್ನು 1923ರ ಕಾರ್ಮಿಕರ ಪರಿಹಾರ ಕಾಯ್ದೆ ‘ಕೆಲಸದಿಂದ ಬರುವ ರೋಗ’ಗಳ ಪಟ್ಟಿಗೆ ಸೇರಿಸಿತ್ತು. 2020ರ ಸಾಮಾಜಿಕ ಭದ್ರತಾ ಸಂಹಿತೆಯ ಪಟ್ಟಿಯಲ್ಲೂ ಅದು ಇದೆ. ಹೀಗಾಗಿ ಆಸ್ಪತ್ರೆ ಚೀಟಿಯಲ್ಲಿ ಬರೀ ‘ತಲೆಸುತ್ತು, ವಾಂತಿ’ ಅಂತ ಬರೆಸಿಕೊಂಡು ಬರಬೇಡಿ. ಎಣ್ಣಿ ಹೊಡೆಯುವಾಗ ಆದದ್ದು ಅಂತ ಡಾಕ್ಟರಿಗೆ ಸ್ಪಷ್ಟ ಹೇಳಿ, ಚೀಟಿ ಜೋಪಾನ ಮಾಡಿ.

ಬೇರೆಯವರು ಕಲಿತ ಪಾಠ

ಪಕ್ಕದ ಮಹಾರಾಷ್ಟ್ರದ ಯವತಮಾಳ ಜಿಲ್ಲೆಯಲ್ಲಿ 2017ರಲ್ಲಿ ಹತ್ತಿಗೆ ಔಷಧ ಹೊಡೆಯುತ್ತಿದ್ದ 20ಕ್ಕೂ ಹೆಚ್ಚು ರೈತರು, ಕೂಲಿಕಾರರು ಸತ್ತರು. ನೂರಾರು ಮಂದಿ ಆಸ್ಪತ್ರೆ ಸೇರಿದರು. ಅವರು ವಿಷ ಕುಡಿದವರಲ್ಲ, ಕೆಲಸ ಮಾಡುತ್ತಿದ್ದವರು. ಕಾಸರಗೋಡಿನಲ್ಲಿ, ನಮ್ಮ ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ ಭಾಗದಲ್ಲಿ ಗೇರು ತೋಟಕ್ಕೆ ವರ್ಷಗಟ್ಟಲೆ ಹೊಡೆದ ಎಂಡೋಸಲ್ಫಾನ್ ಕಥೆ ಎಲ್ಲರಿಗೂ ಗೊತ್ತು. ಸುಪ್ರೀಂ ಕೋರ್ಟ್ 2011ರ ಮೇ 13ರಂದು ಅದನ್ನು ನಿಲ್ಲಿಸಿತು. ಅಷ್ಟರಲ್ಲಿ ಒಂದು ಪೀಳಿಗೆ ಹಾಸಿಗೆ ಹಿಡಿದಾಗಿತ್ತು.

ಮಾಲಕರು ನಾಳೆಯಿಂದಲೇ ಮಾಡಬಹುದಾದ್ದು

ಎಣ್ಣಿ ಹೊಡೆಸುವ ದಿನ ಹೊಲದಲ್ಲಿ ಎರಡು ಕೊಡ ಸ್ವಚ್ಛ ನೀರು, ಒಂದು ಸೋಪು ಇಡಿ. ಮುಂಜಾನೆ ತಂಪಿನಲ್ಲಿ ಶುರು ಮಾಡಿ, ಬಿಸಿಲು ಏರುವ ಮೊದಲು ಮುಗಿಸಿ. ಗಾಳಿಗೆ ಎದುರು ಹೊಡೆಸಬೇಡಿ. ಒಬ್ಬನನ್ನೇ ದಿನಾ ಪಂಪಿಗೆ ಹಚ್ಚದೆ ಆಳು ಬದಲಿಸಿ. 18 ವರ್ಷದೊಳಗಿನ ಹುಡುಗರನ್ನು ಡ್ರಮ್ಮಿನ ಹತ್ತಿರವೂ ಬಿಡಬೇಡಿ. ಖಾಲಿ ಬಾಟಲಿ ಮೂರು ಸಲ ತೊಳೆದು, ಆ ನೀರನ್ನು ಪಂಪಿಗೇ ಸುರಿದು, ಬಾಟಲಿಗೆ ತೂತು ಹಾಕಿ. ಎಣ್ಣಿ ಹೊಡೆದ ಆಳು ಮನೆಗೆ ಹೋದ ಮೇಲೆ ರಾತ್ರಿ ಒಂದು ಫೋನ್ ಮಾಡಿ ‘ಹ್ಯಾಂಗ ಅದಿ?’ ಅಂತ ಕೇಳಿ. ಕೆಲವರಿಗೆ ಲಕ್ಷಣ ಕಾಣಿಸುವುದೇ ಮನೆ ಸೇರಿದ ಮೇಲೆ.