802.1ಎಕ್ಸ್: ಸ್ವಿಚ್ ಪೋರ್ಟ್ ದೃಢೀಕರಣ

ಈಥರ್ನೆಟ್ ಜಾಲದಲ್ಲಿ ಬಹುಕಾಲ ಗುರುತು ಕೇಳುವವರೇ ಇರಲಿಲ್ಲ. ಗೋಡೆಯ ಸಾಕೆಟ್ಟಿಗೆ ಕೇಬಲ್ ಹಾಕಿದವರೆಲ್ಲ ಒಳಗಿನವರೇ. ವಿಚಾರಣೆ ನಡೆಯುತ್ತಿದ್ದದ್ದು ಡಯಲಪ್ ಸಂಪರ್ಕಗಳಲ್ಲಿ. ಫೋನ್ ಮೂಲಕ ಬರುವವರ ಹೆಸರು, ಪಾಸ್‌ವರ್ಡ್ ಪರೀಕ್ಷಿಸಲು 1990ರ ದಶಕದಲ್ಲಿ ಲಿವಿಂಗ್‌ಸ್ಟನ್ ಕಂಪನಿ ರೇಡಿಯಸ್ ಎಂಬ ಪ್ರೋಟೋಕಾಲ್ ರೂಪಿಸಿತು. ಪಿಪಿಪಿ ಸಂಪರ್ಕಗಳಲ್ಲಿ ಬಗೆಬಗೆಯ ದೃಢೀಕರಣ ವಿಧಾನಗಳಿಗೆ ಅವಕಾಶವಾಗಲೆಂದು 1998ರಲ್ಲಿ ಇಎಪಿ ಬಂತು. 2001ರಲ್ಲಿ ಐಇಇಇ ಅಂಗೀಕರಿಸಿದ 802.1ಎಕ್ಸ್ ಇಎಪಿಯನ್ನು ಸ್ವಿಚ್ಚಿನ ಪೋರ್ಟಿಗೆ ತಂದಿತು, ರೇಡಿಯಸ್ ಅದರ ಬೆನ್ನಿಗೆ ನಿಂತಿತು. ಆದರೆ ಡಯಲಪ್ ತಂತಿಯ ತುದಿಯಲ್ಲಿ ಇರುತ್ತಿದ್ದದ್ದು ಒಂದೇ ಯಂತ್ರ. ಈಥರ್ನೆಟ್ ಪೋರ್ಟಿಗೆ ಆ ಭರವಸೆ ಇಲ್ಲ. ಈ ಮಾನಕದ ಮುಂದಿನ ಕಥೆಯೆಲ್ಲ ಆ ವ್ಯತ್ಯಾಸದಿಂದಲೇ ಹುಟ್ಟಿದ್ದು.

ಕೆಲಸ ಮಾಡುವ ಬಗೆ ಸರಳ. ದೃಢೀಕರಣ ಮುಗಿಯುವವರೆಗೆ ಪೋರ್ಟ್ ಇಎಪಿ ಹೊತ್ತ ಫ್ರೇಮುಗಳನ್ನಷ್ಟೇ ಒಪ್ಪಿಕೊಳ್ಳುತ್ತದೆ. ಸ್ವಿಚ್ ಅವನ್ನು ರೇಡಿಯಸ್ ಸಂದೇಶದಲ್ಲಿಟ್ಟು ಸರ್ವರ್‌ಗೆ ದಾಟಿಸುತ್ತದೆ. ಸರ್ವರ್ ಒಪ್ಪಿದರೆ ಪೋರ್ಟ್ ತೆರೆಯುತ್ತದೆ. ಯಾವ ವಿಲ್ಯಾನ್‌ಗೆ ಸೇರಿಸಬೇಕೆಂದೂ ಸರ್ವರ್ ಹೇಳಬಹುದು. ಪ್ರತಿ ಪೋರ್ಟಿಗೂ ಮೂರು ಸ್ಥಿತಿಗಳುಂಟು: ಸದಾ ತೆರೆದದ್ದು, ಸದಾ ಮುಚ್ಚಿದ್ದು, ಕೇಳಿ ತೆರೆಯುವ ‘ಆಟೋ’. ಸಿಸ್ಕೊ ಸ್ವಿಚ್ಚುಗಳಲ್ಲಿ ಮೊದಲಿನಿಂದ ಇರುವುದು ಸದಾ ತೆರೆದ ಸ್ಥಿತಿ. ಹಾಗಾಗಿ ಇಡೀ ಸ್ವಿಚ್ಚಿಗೆ ‘ಡಾಟ್1ಎಕ್ಸ್ ಸಿಸ್ಟಮ್-ಆತ್-ಕಂಟ್ರೋಲ್’ ಆದೇಶ ಕೊಟ್ಟರೂ, ಪೋರ್ಟುಗಳನ್ನು ಆಟೋಗೆ ಬದಲಿಸದಿದ್ದರೆ ಒಂದು ಪೋರ್ಟೂ ಮುಚ್ಚುವುದಿಲ್ಲ.

ಪೋರ್ಟ್ ತೆರೆದ ಮೇಲೆ ಬರುವ ಫ್ರೇಮುಗಳನ್ನು ಯಾರು ಕಳಿಸಿದರೆಂದು ಮೂಲ ಮಾನಕ ಮತ್ತೆ ಪರೀಕ್ಷಿಸುತ್ತಿರಲಿಲ್ಲ. ಮೈಕ್ರೋಸಾಫ್ಟ್‌ನ ಸ್ಟೀವ್ ರೈಲಿ 2005ರಲ್ಲಿ ಇದನ್ನೇ ಎತ್ತಿ ತೋರಿಸಿದರು: ಸ್ವಿಚ್ಚಿಗೂ ಒಪ್ಪಿಗೆ ಪಡೆದ ಯಂತ್ರಕ್ಕೂ ನಡುವೆ ಒಂದು ಹಬ್ ಇಟ್ಟು, ಆ ಅಸಲಿ ಯಂತ್ರದ ಮ್ಯಾಕ್ ಮತ್ತು ಐಪಿ ವಿಳಾಸಗಳನ್ನೇ ಎರಡನೆಯ ಯಂತ್ರಕ್ಕೂ ಕೊಟ್ಟರೆ ಸ್ವಿಚ್ಚಿಗೆ ಭೇದ ತಿಳಿಯದು. ತಾನು ಕೇಳದ ಟಿಸಿಪಿ ಉತ್ತರ ಬಂದಾಗ ಅಸಲಿ ಯಂತ್ರ ರೀಸೆಟ್ ಕಳಿಸಿ ಸಂಪರ್ಕ ಕೆಡಿಸುತ್ತದೆ, ನಿಜ. ಅದರ ಫೈರ್‌ವಾಲ್ ಆ ಉತ್ತರಗಳನ್ನು ಸದ್ದಿಲ್ಲದೆ ಬಿಸಾಡಿದರೆ ಆ ತೊಡಕೂ ಇಲ್ಲ. ವೈರ್‌ಲೆಸ್ ಜಾಲ ಇದೇ ಕೊರತೆಯನ್ನು ಮೊದಲೇ ಎದುರಿಸಿತ್ತು. ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಮಿಶ್ರಾ ಮತ್ತು ಆರ್ಬೊ 2002ರಲ್ಲೇ ಸೆಷನ್ ಕಸಿಯುವ ದಾರಿಯನ್ನು ವಿವರಿಸಿದ್ದರು, 2004ರ ವೈರ್‌ಲೆಸ್ ಮಾನಕ 802.11ಐ, ದೃಢೀಕರಣದಿಂದ ಹುಟ್ಟಿದ ಕೀಲಿಯಿಂದಲೇ ಪ್ರತಿ ಡೇಟಾ ಫ್ರೇಮನ್ನೂ ರಕ್ಷಿಸಿತು. ತಂತಿಯ ಜಾಲಕ್ಕೆ ಅಂಥದ್ದೇ ರಕ್ಷಣೆ ಕೊಡುವ ಮ್ಯಾಕ್‌ಸೆಕ್ 2006ರಲ್ಲಿ ಬಂದರೂ, ಅದರ ಕೀಲಿ ಒಪ್ಪಂದ 802.1ಎಕ್ಸ್‌ಗೆ ಸೇರಿದ್ದು 2010ರ ಪರಿಷ್ಕರಣೆಯಲ್ಲಿ. ತಂತಿಯನ್ನು ಕಣ್ಣಿಗೆ ಕಾಣುವ, ಕೈಗೆ ಸಿಗುವ ವಸ್ತುವೆಂದು ನಂಬಿದ್ದೇ ಈ ವಿಳಂಬಕ್ಕೆ ಕಾರಣವೆಂದು ತೋರುತ್ತದೆ.

ಹಾಗಾದರೆ ಮ್ಯಾಕ್‌ಸೆಕ್ ಇಲ್ಲದ 802.1ಎಕ್ಸ್ ವ್ಯರ್ಥವೇ? ಅಲ್ಲ. ಹಬ್ ದಾಳಿಗೆ ಈಗಾಗಲೇ ಒಪ್ಪಿಗೆ ಪಡೆದ ಯಂತ್ರದ ಪಕ್ಕಕ್ಕೇ ಹೋಗಬೇಕು. ಸ್ವಾಗತ ಕೊಠಡಿಯ ಖಾಲಿ ಸಾಕೆಟ್ ಸಾಲದು. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಪ್ರಿಂಟರ್, ಕ್ಯಾಮೆರಾಗಳದ್ದು. ಇಎಪಿ ಬಾರದ ಇಂಥ ಉಪಕರಣಗಳಿಗಾಗಿ ಬಂದ ಎಂಎಬಿ, ಮ್ಯಾಕ್ ವಿಳಾಸವನ್ನೇ ಗುರುತೆಂದು ಒಪ್ಪುತ್ತದೆ. ಆ ವಿಳಾಸ ಎಷ್ಟೋ ಪ್ರಿಂಟರ್‌ಗಳ ಹಿಂಬದಿಯ ಲೇಬಲ್ಲಿನಲ್ಲೇ ಅಚ್ಚಾಗಿರುತ್ತದೆ. ಇದನ್ನು ದೃಢೀಕರಣ ಎನ್ನಲಾಗದು, ಹಾಜರಿ ಪಟ್ಟಿ ಎನ್ನಬಹುದು. ಆದ್ದರಿಂದ ಹಾಗೆ ತೆರೆದ ಪೋರ್ಟಿಗೆ ಪ್ರತ್ಯೇಕ ವಿಲ್ಯಾನ್ ಕೊಟ್ಟು, ಆ ಉಪಕರಣಕ್ಕೆ ಬೇಕಾದ ಸರ್ವರ್‌ನ (ಪ್ರಿಂಟರ್‌ಗಾದರೆ ಪ್ರಿಂಟ್ ಸರ್ವರ್‌ನ) ಹೊರತು ಬೇರಾವ ಕಡೆಗೂ ದಾರಿಯಿಲ್ಲದಂತೆ ಆಕ್ಸೆಸ್ ಲಿಸ್ಟ್ ಹಾಕುವುದೇ ಸರಿಯಾದ ಕ್ರಮ.